ಒಂದು ಬದಿಗೆ ಎರಡು ರೂಪಾಯಿ

ಕೊಣಾಜೆಯ ಗೇಟಿನೆದುರು ಜೆರಾಕ್ಸ್ ಅಂಗಡಿ ನನ್ನದು.
ಹನ್ನೊಂದು ವರ್ಷದಿಂದ ಬೇರೆಯವರ ಮಾತನ್ನೇ
ಬಿಸಿಬಿಸಿ ತೆಗೆದು ಕೊಡುತ್ತಿದ್ದೇನೆ,
ಒಂದು ಬದಿಗೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.

ಹಿರುತ್ ಮೊದಲು ಬಂದದ್ದು ಅಂಕಪಟ್ಟಿ ಹಿಡಿದುಕೊಂಡು.
ಹತ್ತು ಅಂಕದ ಪ್ರಶ್ನೆಗೆ ಅರ್ಧ ಪುಟ ಬರೆದು
ಮೂರು ತಕ್ಕೊಂಡಿದ್ದಳು.
"ಉತ್ತರ ತಪ್ಪಾ?" ನನ್ನನ್ನೇ ಕೇಳಿದಳು,
ನಾನೇ ಕುಲಸಚಿವೆ ಎಂಬ ಹಾಗೆ.
ತಪ್ಪಲ್ಲ ಮಾರಾಯ್ತಿ, ಸಣ್ಣದು.
ಇಲ್ಲಿ ಹತ್ತಕ್ಕೆ ನಾಲ್ಕು ಪುಟ ಬೇಕು,
ಪೀಠಿಕೆ ಬೇಕು, ಪೆನ್ಸಿಲಿನಲ್ಲಿ ಚಿತ್ರ ಬೇಕು,
ಹೆಚ್ಚುವರಿ ಹಾಳೆಗೆ ದಾರದ ಗಂಟು ಬಿಗಿಯಾಗಿ ಬೀಳಬೇಕು.
ಸೀನಿಯರ್ ರಕ್ಷಾಳ ನೋಟ್ಸ್ ಉಂಟು, ನೂರಾನಲವತ್ತು ಪುಟ,
ಸ್ಪೈರಲ್ ಮಾಡಿ ಕೊಡ್ಲಾ?

ತಕ್ಕೊಂಡು ಹೋದಳು. ಬಾಯಿಪಾಠ ಮಾಡಿದಳು.
ಮುಂದಿನ ಸಲ ಎಂಟೂವರೆ.
ಕದಳಿ ಹಣ್ಣಿನ ಒಂದು ಚಿಪ್ಪು ತಂದಿಟ್ಟಳು ಮೇಜಿನ ಮೇಲೆ.

ಆಮೇಲೆ ಪ್ರಾಜೆಕ್ಟು.
ರಕ್ಷಾಳ ವಾಕ್ಯವನ್ನೇ ಅಲ್ಪವಿರಾಮ ಸಮೇತ ಇಳಿಸಿದ್ದಳು,
ಪರೀಕ್ಷೆಯಲ್ಲಿ ಇಳಿಸಿದ ಹಾಗೆಯೇ, ಅಷ್ಟೇ ಚಂದಕ್ಕೆ.
ಸಲ್ಡಾನ ಸರ್ ಪುಟವಿಡೀ ಕೆಂಪು ಬಳಿದರು.
ನೂರರಲ್ಲಿ ನಲವತ್ತಮೂರು ಬೇರೆಯವರದಂತೆ,
ಯಂತ್ರ ಹೇಳಿತಂತೆ.
ಕೆಳಗೊಂದು ಸಾಲು: ನಿನ್ನ ಮಾತಿನಲ್ಲಿ ಬರೆ.

"ನಮ್ಮೂರಲ್ಲಿ ಮೇಷ್ಟ್ರು ಹೇಳಿದಷ್ಟನ್ನೇ ಹೇಳಬೇಕಿತ್ತು,
ಒಂದು ಹನಿ ತುಳುಕದ ಹಾಗೆ. ಅದು ಮರ್ಯಾದೆ.
ಇಲ್ಲಿಯೂ ಹೋದ ವರ್ಷ ಹಾಗೇ ಅಂದಿರಲ್ಲ.
ಈಗ ನನ್ನ ಮಾತು ಎಂದರೆ ಯಾವುದು?"
ನನ್ನ ಹತ್ತಿರ ಉತ್ತರ ಇರಲಿಲ್ಲ.
ಟೋನರ್ ತೆಗೆದು ಎರಡು ಸಲ ಅಲುಗಾಡಿಸಿ ಹಾಕಿದೆ.

ಅವಳದು ಸಮುದ್ರವಿಲ್ಲದ ದೇಶ.
ಬಂದದ್ದು ಉಳ್ಳಾಲದ ಮರಳು ಜರಡಿ ಹಿಡಿಯಲಿಕ್ಕೆ.
ಅಲ್ಲಿ ವರ್ಷಕ್ಕೆ ಹದಿಮೂರು ತಿಂಗಳಂತೆ,
ಕೊನೆಯದಕ್ಕೆ ಐದೇ ದಿನ.
"ಆ ಐದು ದಿನ ಇಲ್ಲಿ ಸಿಕ್ಕಿದ್ದರೆ ಅಧ್ಯಾಯ ಮುಗಿಯುತ್ತಿತ್ತು."
ಆ ತಿಂಗಳಿಗೂ ಅಂಗಡಿ ಬಾಡಿಗೆ ಕೊಡ್ಲಿಕ್ಕುಂಟಾ, ಕೇಳಿದೆ.
ಕೆಂಪು ಹಾಳೆಗಳ ಮೇಲೆಯೇ ಬಗ್ಗಿ ನಕ್ಕಳು.

ಒಂದು ಸಂಜೆ ಅಂಗನವಾಡಿಯ ಸುನಂದಕ್ಕ
ಕಾಗುಣಿತದ ಹಾಳೆ ತಂದರು, ಮೂವತ್ತು ಪ್ರತಿ.
ಟ್ರೇಯಿಂದ ಒಂದನ್ನೆತ್ತಿ ಹಿರುತ್ ಸುಮ್ಮನಾದಳು.
ಲ, ಲಾ, ಲಿ... ಬೆರಳು ಸರಿಯಿತು.
"ನಮ್ಮಲ್ಲೂ ಹೀಗೇ. ಒಂದಕ್ಷರಕ್ಕೆ ಏಳು ವೇಷ."
ಬಿಲ್ ಪುಸ್ತಕದ ಬೆನ್ನಿಗೆ ಬರೆದು ತೋರಿಸಿದಳು:
ಒಂದಕ್ಕೆ ಕಾಲು ಗಿಡ್ಡ, ಒಂದಕ್ಕೆ ಸೊಂಟದಲ್ಲಿ ಕೊಕ್ಕೆ,
ಒಂದಕ್ಕೆ ಕಿವಿಯೋಲೆ.
ಹಾಗಾದರೆ ಮೊದಲು ಅದರಲ್ಲೇ ಬರೆ, ಅಂದೆ.
ದೊಡ್ಡ ಯೋಚನೆಯೇನೂ ಮಾಡಿರಲಿಲ್ಲ,
ಮಿಷನ್ ಕಚ್ಚಿಕೊಂಡಾಗ ಒಮ್ಮೆ ತೆರೆದು ಮುಚ್ಚಿ ಎನ್ನುವುದಿಲ್ಲವಾ,
ಹಾಗೆ.

ಹದಿನೈದು ದಿನ ಈ ಕಡೆ ತಲೆ ಹಾಕಲಿಲ್ಲ.
ಬಂದಾಗ ಆರು ಪುಟ ಕೊಟ್ಟು, ಒಂದು ಕಡೆ ಓದಿ ಅರ್ಥ ಹೇಳಿದಳು:
ಜೂನಿನಲ್ಲಿ ಮರಳು ಹೋಯಿತು.
ಅಕ್ಟೋಬರಿನಲ್ಲಿ ಮರಳು ಬಂತು.
ಬಂದದ್ದು, ಹೋದದ್ದಲ್ಲ.

ಅವಳು ಹೋದ ಮೇಲೆ ಒಬ್ಬಳೇ
ನನ್ನ ಭಾಷೆಯಲ್ಲಿ ಹೇಳಿ ನೋಡಿದೆ:
ಮರಳು ಮರಳಿತು. ಅದೇ ಮರಳಲ್ಲ.
ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಶಟರ್ ಎಳೆಯುವ ಮೊದಲು ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಕವುಚಿ ಮಲಗಿದೆ ಒಂದು ಹಾಳೆ,
ತಿರುಗಿಸಿದೆ: ಕೊಕ್ಕೆ, ಗಿಡ್ಡ ಕಾಲು, ಕಿವಿಯೋಲೆ,
ನಾಲ್ಕು ಕಡೆ ಹೊಡೆದು ಹಾಕಿ ಮತ್ತೆ ಬರೆದದ್ದು.
ಅಭ್ಯಾಸಬಲ, ಬೆರಳು ಹಸಿರು ಗುಂಡಿಯವರೆಗೆ ಹೋಗಿತ್ತು.

ಬಿಲ್ ಪುಸ್ತಕದೊಳಗೆ ಇಟ್ಟಿದ್ದೇನೆ.
ಹನ್ನೆರಡು ರೂಪಾಯಿ ಬಾಕಿಯೂ ಉಂಟು ಅವಳದು,
ಬರ್ತಾಳೆ ನಾಳೆ.